ದೈಹಿಕ ಶಿಕ್ಷಣ ಮತ್ತು ಕ್ರೀಡಾ ವಿಜ್ಞಾನದಲ್ಲಿ ಪಿಎಚ್.ಡಿ. ಸಂಶೋಧನೆ: ಅರ್ಜಿದಾರರ ಅವಗಾಹನೆಗೆ ಮಾಹಿತಿ

1. ಪೀಠಿಕೆ

ರಾಜ್ಯದ ವಿಶ್ವವಿದ್ಯಾಲಯಗಳಲ್ಲಿ ದೈಹಿಕ ಶಿಕ್ಷಣ ಮತ್ತು ಕ್ರೀಡಾ ವಿಜ್ಞಾನ ವಿಷಯದಲ್ಲಿ ಪಿಎಚ್.ಡಿ. ಪದವಿಗೆ ನೋಂದಾಯಿಸಿಕೊಳ್ಳಲು ಇಚ್ಛಿಸುವ ಅಭ್ಯರ್ಥಿಗಳ ಅನುಕೂಲಕ್ಕಾಗಿ ಈ ಮಾಹಿತಿಯನ್ನು ಪ್ರಕಟಿಸಲಾಗಿದೆ. ಈ ಪದವಿಗೆ ಕನಿಷ್ಠ ಮೂರು ವರ್ಷಗಳ ದುಡಿಮೆ ಬೇಕು. ಅರ್ಜಿ ಸಲ್ಲಿಸುವ ಮುನ್ನ ಪ್ರಶ್ನೆ ಯಾವುದು, ಮಾರ್ಗದರ್ಶಕರು ಯಾರು, ಅಳತೆಗೆ ಒಳಪಡುವವರ ಒಪ್ಪಿಗೆ ಹೇಗೆ ಎಂಬ ಮೂರು ಸಂಗತಿಗಳನ್ನು ನಿಶ್ಚಯಿಸಿಕೊಳ್ಳದವರು ಆ ವರ್ಷಗಳನ್ನೇ ಕಳೆದುಕೊಳ್ಳುವ ಸಂಭವವಿರುತ್ತದೆ. ಆದುದರಿಂದ ಅರ್ಜಿದಾರರು ಈ ಪುಟವನ್ನು ಪೂರ್ಣವಾಗಿ ಓದಿಕೊಳ್ಳುವುದು ಸೂಕ್ತ.

ಪ್ರವೇಶ ನೀಡುವ ಅಧಿಕಾರವು ಆಯಾ ವಿಶ್ವವಿದ್ಯಾಲಯಕ್ಕೆ ಸೇರಿದೆ. ಬೆಂಗಳೂರು, ಮೈಸೂರು, ಮಂಗಳೂರು, ಕುವೆಂಪು, ಕರ್ನಾಟಕ ಹಾಗೂ ಗುಲಬರ್ಗಾ ವಿಶ್ವವಿದ್ಯಾಲಯಗಳಲ್ಲಿ ಈ ವಿಷಯದ ಅಧ್ಯಯನಕ್ಕೆ ಅವಕಾಶವಿದ್ದು, ಯಾವ ವರ್ಷದಲ್ಲಿ ಎಷ್ಟು ಸ್ಥಾನಗಳು ಖಾಲಿ ಇವೆ ಎಂಬುದನ್ನು ಆಯಾ ವಿಶ್ವವಿದ್ಯಾಲಯದ ಅಧಿಸೂಚನೆಯಿಂದಲೇ ತಿಳಿಯತಕ್ಕದ್ದು.

2. ಅನ್ವಯಿಸುವ ನಿಯಮಗಳು ಮತ್ತು ಅರ್ಹತೆ

ವಿಶ್ವವಿದ್ಯಾಲಯ ಅನುದಾನ ಆಯೋಗವು 2022ರ ನವೆಂಬರ್‌ನಲ್ಲಿ ಹೊರಡಿಸಿದ ಪಿಎಚ್.ಡಿ. ನಿಯಮಾವಳಿಯು ಈ ವಿಷಯಕ್ಕೂ ಅನ್ವಯಿಸುತ್ತದೆ. ಅದರಂತೆ:

(ಅ) ಮೂರು ವರ್ಷಗಳ ಪದವಿಯ ನಂತರ ಎರಡು ವರ್ಷಗಳ ಸ್ನಾತಕೋತ್ತರ ಪದವಿಯನ್ನು ಕನಿಷ್ಠ ಶೇ. 55 ಅಂಕಗಳೊಂದಿಗೆ ಪಡೆದಿರಬೇಕು. ನಾಲ್ಕು ವರ್ಷಗಳ ಪದವಿ ಪಡೆದವರು ಕನಿಷ್ಠ ಶೇ. 75 ಅಂಕ ಗಳಿಸಿದ್ದಲ್ಲಿ ಅರ್ಜಿ ಸಲ್ಲಿಸಬಹುದು.

(ಆ) ಪರಿಶಿಷ್ಟ ಜಾತಿ, ಪರಿಶಿಷ್ಟ ಪಂಗಡ, ಕೆನೆಪದರಕ್ಕೆ ಸೇರದ ಇತರೆ ಹಿಂದುಳಿದ ವರ್ಗ, ಅಂಗವಿಕಲ ಹಾಗೂ ಆರ್ಥಿಕವಾಗಿ ದುರ್ಬಲ ವರ್ಗದ ಅಭ್ಯರ್ಥಿಗಳಿಗೆ ಶೇ. 5ರ ರಿಯಾಯಿತಿ ಇದೆ.

(ಇ) ಎಂ.ಪಿ.ಇಡಿ. ಅಲ್ಲದ ಸಮೀಪದ ವಿಷಯಗಳಲ್ಲಿ ಸ್ನಾತಕೋತ್ತರ ಪದವಿ ಪಡೆದವರು ತಮ್ಮ ಪದವಿಯು ಮಾನ್ಯವೇ ಎಂಬುದನ್ನು ಶುಲ್ಕ ಪಾವತಿಸುವ ಮುನ್ನ ವಿಶ್ವವಿದ್ಯಾಲಯದಿಂದ ಲಿಖಿತವಾಗಿ ಖಚಿತಪಡಿಸಿಕೊಳ್ಳತಕ್ಕದ್ದು.

(ಈ) ಈ ನಿಯಮಾವಳಿಯು ಎಂ.ಫಿಲ್. ಪದವಿಯನ್ನು ಕೈಬಿಟ್ಟಿದೆ. ಪಿಎಚ್.ಡಿ.ಯನ್ನು ದೂರಶಿಕ್ಷಣ ಅಥವಾ ಆನ್‌ಲೈನ್ ಮಾದರಿಯಲ್ಲಿ ನಡೆಸಲು ಅವಕಾಶವಿರುವುದಿಲ್ಲ. ಇಂತಹ ಪದವಿ ಕೊಡಿಸುವುದಾಗಿ ಹೇಳುವವರಿಗೆ ಹಣ ಪಾವತಿಸಬಾರದು.

3. ಪ್ರವೇಶ ವಿಧಾನ

ರಾಷ್ಟ್ರೀಯ ಅರ್ಹತಾ ಪರೀಕ್ಷೆಯಲ್ಲಿ ದೈಹಿಕ ಶಿಕ್ಷಣ ಒಂದು ಪ್ರತ್ಯೇಕ ವಿಷಯವಾಗಿದ್ದು, ಅದರ ಸಂಕೇತ ಸಂಖ್ಯೆ 47. ಜೂನ್ 2024ರ ಪರೀಕ್ಷೆಯಿಂದ ಇದರ ಫಲಿತಾಂಶವನ್ನು ಮೂರು ವರ್ಗಗಳಲ್ಲಿ ನೀಡಲಾಗುತ್ತಿದೆ: ಕಿರಿಯ ಸಂಶೋಧನಾ ಶಿಷ್ಯವೇತನದೊಂದಿಗೆ ಸಹಾಯಕ ಪ್ರಾಧ್ಯಾಪಕ ಹುದ್ದೆಗೂ ಅರ್ಹತೆ, ಸಹಾಯಕ ಪ್ರಾಧ್ಯಾಪಕ ಹುದ್ದೆ ಮತ್ತು ಪಿಎಚ್.ಡಿ. ಪ್ರವೇಶಕ್ಕೆ ಅರ್ಹತೆ, ಪಿಎಚ್.ಡಿ. ಪ್ರವೇಶಕ್ಕೆ ಮಾತ್ರ ಅರ್ಹತೆ. ಕೊನೆಯ ಎರಡು ವರ್ಗದವರಿಗೆ ಪರೀಕ್ಷೆಯ ಅಂಕಗಳಿಗೆ ಶೇ. 70, ಸಂದರ್ಶನಕ್ಕೆ ಶೇ. 30 ಪ್ರಾಶಸ್ತ್ಯವಿದ್ದು, ಪಿಎಚ್.ಡಿ. ಪ್ರವೇಶದ ಮಟ್ಟಿಗೆ ಆ ಅಂಕಗಳು ಒಂದು ವರ್ಷ ಮಾತ್ರ ಊರ್ಜಿತದಲ್ಲಿರುತ್ತವೆ.

ವಿಶ್ವವಿದ್ಯಾಲಯವೇ ಪ್ರವೇಶ ಪರೀಕ್ಷೆ ನಡೆಸುವಲ್ಲಿ ಅರ್ಧ ಭಾಗ ಸಂಶೋಧನಾ ವಿಧಾನದ ಮೇಲೂ ಉಳಿದರ್ಧ ವಿಷಯದ ಮೇಲೂ ಇರುತ್ತದೆ. ಆಟದಲ್ಲಿ ನುರಿತವರೂ ಸಂಖ್ಯಾಶಾಸ್ತ್ರದ ಭಾಗವನ್ನು ಕಡೆಗಣಿಸುವಂತಿಲ್ಲ.

ಸೇವೆಯಲ್ಲಿರುವ ದೈಹಿಕ ಶಿಕ್ಷಣ ಶಿಕ್ಷಕರು ಅರೆಕಾಲಿಕವಾಗಿ ಸಂಶೋಧನೆ ಕೈಗೊಳ್ಳಬಹುದು. ಇದಕ್ಕೆ ನೇಮಕಾತಿ ಪ್ರಾಧಿಕಾರದಿಂದ ನಿರಾಕ್ಷೇಪಣಾ ಪತ್ರ ಕಡ್ಡಾಯ. ಅಧ್ಯಯನಕ್ಕೆ ಅನುಮತಿ ಇದೆ, ಕರ್ತವ್ಯದ ನಡುವೆ ಸಾಕಷ್ಟು ಕಾಲಾವಕಾಶ ದೊರೆಯುತ್ತದೆ, ಅಗತ್ಯವಿದ್ದಲ್ಲಿ ಕೋರ್ಸ್‌ವರ್ಕ್ ಪೂರೈಸಲು ಬಿಡುಗಡೆ ಮಾಡಲಾಗುತ್ತದೆ ಎಂಬ ಮೂರೂ ಅಂಶಗಳು ಅದರಲ್ಲಿರಬೇಕು.

4. ಸಂಶೋಧನಾ ಪ್ರಶ್ನೆಯ ಆಯ್ಕೆ

ವ್ಯಾಯಾಮ ಶರೀರಕ್ರಿಯಾಶಾಸ್ತ್ರ, ಬಯೋಮೆಕ್ಯಾನಿಕ್ಸ್, ಕ್ರೀಡಾ ಮನೋವಿಜ್ಞಾನ, ತರಬೇತಿ ವಿಧಾನ, ಪರೀಕ್ಷೆ ಮತ್ತು ಮಾಪನ ಮುಂತಾದವು ಈ ವಿಷಯದ ಶಾಖೆಗಳು. ಶಾಖೆ ಯಾವುದೇ ಇರಲಿ, ಅಳೆದು ಉತ್ತರಿಸಬಹುದಾದ ಪ್ರಶ್ನೆಯೇ ಸಂಶೋಧನೆಗೆ ಆಧಾರ.

ಉದಾಹರಣೆ ಒಂದು. 2020ರ ಫೆಬ್ರವರಿಯಲ್ಲಿ ದಕ್ಷಿಣ ಕನ್ನಡ ಜಿಲ್ಲೆಯ ಐಕಳ ಕಂಬಳದಲ್ಲಿ ಓಟಗಾರರೊಬ್ಬರು 142.5 ಮೀಟರ್ ದೂರವನ್ನು 13.62 ಸೆಕೆಂಡುಗಳಲ್ಲಿ ಕ್ರಮಿಸಿದರು. ಇದನ್ನು ಭಾಗಿಸಿ 100 ಮೀಟರ್‌ಗೆ 9.55 ಸೆಕೆಂಡು ಎಂದು ಲೆಕ್ಕ ಹಾಕಿ, 2009ರಲ್ಲಿ ಬರ್ಲಿನ್‌ನಲ್ಲಿ ಸ್ಥಾಪಿತವಾದ 9.58 ಸೆಕೆಂಡುಗಳ ವಿಶ್ವದಾಖಲೆಗೆ ಹೋಲಿಸಲಾಯಿತು. ಕಂಬಳದಲ್ಲಿ ಓಡುವವರನ್ನು ಕೋಣಗಳು ಮುಂದಕ್ಕೆ ಸೆಳೆಯುತ್ತವೆ; ಓಟ ನಡೆಯುವುದು ಕೆಸರುಗದ್ದೆಯಲ್ಲಿ; ಟ್ರ್ಯಾಕ್ ಓಟದ ನಿಯಮಗಳೂ ಬೇರೆ. ಆದುದರಿಂದ ಆ ಹೋಲಿಕೆ ನಿಲ್ಲುವುದಿಲ್ಲ. ಆದರೆ ಕೋಣಗಳ ಸೆಳೆತದಿಂದ ಓಟಗಾರರ ಹೆಜ್ಜೆಯ ಉದ್ದ ಎಷ್ಟು ಬದಲಾಗುತ್ತದೆ ಎಂಬುದು ಅಳೆಯಬಹುದಾದ, ನಮ್ಮ ನೆಲದಲ್ಲಿಯೇ ಉತ್ತರಿಸಬಹುದಾದ ಪ್ರಶ್ನೆ.

ಉದಾಹರಣೆ ಎರಡು. ಹನ್ನೆರಡು ವಾರಗಳ ಖೋ-ಖೋ ತರಬೇತಿಯಿಂದ ಶಾಲಾ ಮಕ್ಕಳ ವೇಗ ಹೆಚ್ಚಿತೆಂದು ತೋರಿಸಲು ತರಬೇತಿಗೆ ಮೊದಲು ಮತ್ತು ನಂತರ ಅಳೆದರೆ ಸಾಲದು. ಮಕ್ಕಳು ಬೆಳೆಯುತ್ತಿರುತ್ತಾರೆ; ಪರೀಕ್ಷೆಯನ್ನು ಎರಡನೆಯ ಬಾರಿ ಎದುರಿಸುವಾಗ ಅದರ ರೂಢಿಯೂ ಆಗಿರುತ್ತದೆ. ತರಬೇತಿ ಪಡೆಯದ, ಅದೇ ವಯಸ್ಸಿನ ನಿಯಂತ್ರಣ ಗುಂಪನ್ನು ಅಳೆಯದಿದ್ದಲ್ಲಿ ಹೆಚ್ಚಳಕ್ಕೆ ತರಬೇತಿಯೇ ಕಾರಣವೆಂದು ಹೇಳಲು ಬರುವುದಿಲ್ಲ. ಈ ಕೊರತೆಯನ್ನು ಅಂಕಿ ಅಂಶ ಸಂಗ್ರಹಿಸಿದ ನಂತರ ಸರಿಪಡಿಸಲಾಗದು.

ಉಪಕರಣದ ವಿಚಾರವನ್ನೂ ಮೊದಲೇ ನೋಡಿಕೊಳ್ಳಬೇಕು. 1968ರಲ್ಲಿ ಕೆನೆತ್ ಕೂಪರ್ ಪ್ರಕಟಿಸಿದ 12 ನಿಮಿಷಗಳ ಓಟ ಹಾಗೂ 20 ಮೀಟರ್ ಷಟಲ್ ಓಟಗಳಿಗೆ ಮೈದಾನ ಮತ್ತು ಗಡಿಯಾರ ಇದ್ದರೆ ಬಹುಮಟ್ಟಿಗೆ ಸಾಕು. ಆದರೆ ಇವು ದೇಹದ ಗರಿಷ್ಠ ಆಮ್ಲಜನಕ ಬಳಕೆಯನ್ನು ಅಂದಾಜು ಮಾಡುತ್ತವೆಯೇ ಹೊರತು ಉಸಿರಿನ ಅನಿಲ ವಿಶ್ಲೇಷಕದಂತೆ ನೇರವಾಗಿ ಅಳೆಯುವುದಿಲ್ಲ. ಅಂದಾಜನ್ನು ಅಳತೆಯೆಂದು ಬರೆಯಬಾರದು.

5. ಅಳತೆಗೆ ಒಳಪಡುವವರ ಒಪ್ಪಿಗೆ

ಈ ವಿಷಯದ ಸಂಶೋಧನೆಯಲ್ಲಿ ಅಳತೆಗೆ ಒಳಪಡುವವರು ಮನುಷ್ಯರು. ಅನೇಕ ವೇಳೆ ಮಕ್ಕಳು. ದಣಿಯುವವರೆಗೆ ಓಡಿಸುವುದು, ರಕ್ತದ ಮಾದರಿ ತೆಗೆಯುವುದು, ಶರೀರದ ಕೊಬ್ಬನ್ನು ಅಳೆಯುವುದು ಇವೆಲ್ಲ ಇನ್ನೊಬ್ಬರ ದೇಹಕ್ಕೆ ಸಂಬಂಧಿಸಿದ ಕ್ರಿಯೆಗಳು. ಭಾರತೀಯ ವೈದ್ಯಕೀಯ ಸಂಶೋಧನಾ ಮಂಡಳಿಯ 2017ರ ನೈತಿಕ ಮಾರ್ಗಸೂಚಿಯಂತೆ ಇಂತಹ ಸಂಶೋಧನೆಗೆ ನೈತಿಕ ಸಮಿತಿಯ ಅನುಮೋದನೆಯನ್ನು ಮುಂಚಿತವಾಗಿ ಪಡೆಯತಕ್ಕದ್ದು. ಅಳತೆ ಮುಗಿದ ಮೇಲೆ ಪಡೆಯುವ ಅನುಮೋದನೆಯು ಈ ಅಗತ್ಯವನ್ನು ಪೂರೈಸುವುದಿಲ್ಲ.

ಮಕ್ಕಳ ವಿಷಯದಲ್ಲಿ ತಂದೆ ತಾಯಿ ಅಥವಾ ಪೋಷಕರ ಒಪ್ಪಿಗೆಯೊಂದಿಗೆ, 7ರಿಂದ 12 ವರ್ಷದವರ ಮೌಖಿಕ ಸಮ್ಮತಿ ಹಾಗೂ 12ರಿಂದ 18 ವರ್ಷದವರ ಲಿಖಿತ ಸಮ್ಮತಿಯೂ ಬೇಕು. ಮುಖ್ಯೋಪಾಧ್ಯಾಯರ ಅನುಮತಿ ಪತ್ರವು ಶಾಲೆಯೊಳಗೆ ಪ್ರವೇಶಿಸಲು ಮಾತ್ರ. ಅದು ಪೋಷಕರ ಒಪ್ಪಿಗೆಗೆ ಬದಲಿಯಾಗದು. ಒಪ್ಪಿಗೆ ಪತ್ರವು ಪೋಷಕರಿಗೆ ತಿಳಿಯುವ ಭಾಷೆಯಲ್ಲಿರಬೇಕು. ಯಾವುದೇ ಹಂತದಲ್ಲಿ ಹಿಂದೆ ಸರಿಯಬಹುದೆಂಬುದನ್ನು ಅದರಲ್ಲಿ ನಮೂದಿಸಿರಬೇಕು. ತಾವೇ ಪಾಠ ಮಾಡುವ ಮಕ್ಕಳನ್ನು ಅಳೆಯುವ ಶಿಕ್ಷಕರು ಇದನ್ನು ವಿಶೇಷವಾಗಿ ಗಮನಿಸತಕ್ಕದ್ದು. ಗುರುಗಳು ಕೇಳಿದಾಗ ಒಲ್ಲೆನೆನ್ನುವುದು ಮಕ್ಕಳಿಗೆ ಸುಲಭವಲ್ಲ.

6. ಮಾರ್ಗದರ್ಶಕರು ಮತ್ತು ಅವಧಿ

ಏಕಕಾಲದಲ್ಲಿ ಪ್ರಾಧ್ಯಾಪಕರು 8, ಸಹ ಪ್ರಾಧ್ಯಾಪಕರು 6, ಸಹಾಯಕ ಪ್ರಾಧ್ಯಾಪಕರು 4 ಅಭ್ಯರ್ಥಿಗಳಿಗಷ್ಟೇ ಮಾರ್ಗದರ್ಶನ ಮಾಡಬಹುದು. ನಿವೃತ್ತಿಗೆ ಮೂರು ವರ್ಷಕ್ಕಿಂತ ಕಡಿಮೆ ಅವಧಿ ಇರುವವರು ಹೊಸ ಅಭ್ಯರ್ಥಿಗಳನ್ನು ತೆಗೆದುಕೊಳ್ಳುವಂತಿಲ್ಲ. ಇದನ್ನು ವಿಚಾರಿಸಿ ತಿಳಿದುಕೊಳ್ಳುವುದು ಅವಿನಯವಲ್ಲ, ಅರ್ಜಿದಾರರ ಹಕ್ಕು.

ಕೋರ್ಸ್‌ವರ್ಕ್ ಸೇರಿ ಕನಿಷ್ಠ ಅವಧಿ 3 ವರ್ಷ, ಗರಿಷ್ಠ 6 ವರ್ಷ. ಮರುನೋಂದಣಿಯ ಮೂಲಕ ಇನ್ನೆರಡು ವರ್ಷ ದೊರೆಯಬಹುದು. ಮಹಿಳೆಯರಿಗೆ ಮತ್ತು ಶೇ. 40ಕ್ಕಿಂತ ಹೆಚ್ಚಿನ ಅಂಗವೈಕಲ್ಯವುಳ್ಳವರಿಗೆ ಇದರ ಮೇಲೆ ಮತ್ತೆರಡು ವರ್ಷಗಳ ಸಡಿಲಿಕೆ ಇದ್ದು, ಒಟ್ಟು ಅವಧಿ 10 ವರ್ಷ ಮೀರುವಂತಿಲ್ಲ. ಮಹಿಳಾ ಅಭ್ಯರ್ಥಿಗಳು 240 ದಿನಗಳವರೆಗೆ ಹೆರಿಗೆ ಅಥವಾ ಶಿಶುಪಾಲನಾ ರಜೆ ಪಡೆಯಬಹುದು.

7. ಪ್ರಬಂಧ ಸಲ್ಲಿಕೆ

ಪ್ರಬಂಧವನ್ನು ಕೃತಿಚೌರ್ಯ ತಪಾಸಣೆಗೆ ಒಳಪಡಿಸಲಾಗುತ್ತದೆ. 2018ರ ನಿಯಮಾವಳಿಯಂತೆ ಶೇ. 10ರವರೆಗಿನ ಸಾಮ್ಯಕ್ಕೆ ದಂಡನೆ ಇರುವುದಿಲ್ಲ. ವಿಶ್ವವಿದ್ಯಾಲಯದ ಸೇವೆಯಲ್ಲಿಲ್ಲದ ಕನಿಷ್ಠ ಇಬ್ಬರು ಬಾಹ್ಯ ಪರೀಕ್ಷಕರು ಪ್ರಬಂಧವನ್ನು ಪರಿಶೀಲಿಸುತ್ತಾರೆ. ಬಳಿಕ ಮೌಖಿಕ ಪರೀಕ್ಷೆ ನಡೆಯುತ್ತದೆ. ಈ ಪ್ರಕ್ರಿಯೆಯನ್ನು ಆರು ತಿಂಗಳೊಳಗೆ ಪೂರ್ಣಗೊಳಿಸಬೇಕೆಂಬುದು ನಿಯಮ.

8. ಉದ್ಯೋಗಕ್ಕೆ ಸಂಬಂಧಿಸಿದ ಸ್ಪಷ್ಟನೆ

ಪಿಎಚ್.ಡಿ. ಪಡೆದ ಮಾತ್ರಕ್ಕೆ ನೇಮಕಾತಿ ಖಚಿತವೆಂದು ಭಾವಿಸಬಾರದು. ಆಯೋಗದ 2018ರ ನೇಮಕಾತಿ ನಿಯಮಾವಳಿಯು ಕಾಲೇಜು ದೈಹಿಕ ಶಿಕ್ಷಣ ನಿರ್ದೇಶಕರ ಹುದ್ದೆಗೆ ದೈಹಿಕ ಸಾಮರ್ಥ್ಯ ಪರೀಕ್ಷೆಯನ್ನೂ ನಿಗದಿಪಡಿಸಿದೆ: 30 ವರ್ಷದವರೆಗಿನ ಪುರುಷರು 12 ನಿಮಿಷಗಳಲ್ಲಿ 1800 ಮೀಟರ್, ಮಹಿಳೆಯರು 8 ನಿಮಿಷಗಳಲ್ಲಿ 1000 ಮೀಟರ್ ಓಡಬೇಕು ಅಥವಾ ನಡೆಯಬೇಕು. ವಯಸ್ಸು ಹೆಚ್ಚಿದಂತೆ ದೂರ ಕಡಿಮೆಯಾಗುತ್ತದೆ. ಗ್ರಂಥಾಲಯದಲ್ಲಿ ವರ್ಷಗಳನ್ನು ಕಳೆಯುವವರು ಮೈದಾನವನ್ನು ಮರೆಯಬಾರದು.

9. ಕುಂದುಕೊರತೆ ನಿವಾರಣೆ

ಪ್ರವೇಶದಲ್ಲಿ ಅಕ್ರಮ, ದಾಖಲೆ ಹಿಂದಿರುಗಿಸದಿರುವಿಕೆ, ಮೌಲ್ಯಮಾಪನದಲ್ಲಿ ವಿಳಂಬ ಮುಂತಾದ ದೂರುಗಳನ್ನು 2023ರ ನಿಯಮಾವಳಿಯಂತೆ ವಿದ್ಯಾರ್ಥಿ ಕುಂದುಕೊರತೆ ನಿವಾರಣಾ ಸಮಿತಿಗೆ ಸಲ್ಲಿಸಬಹುದು. ಸಮಿತಿಯು 15 ಕೆಲಸದ ದಿನಗಳೊಳಗೆ ವರದಿ ನೀಡತಕ್ಕದ್ದು. ತೃಪ್ತರಾಗದವರು ನಿರ್ಧಾರ ತಲುಪಿದ 15 ದಿನಗಳೊಳಗೆ ಒಂಬುಡ್ಸ್‌ಪರ್ಸನ್ ಅವರಿಗೆ ಮೇಲ್ಮನವಿ ಸಲ್ಲಿಸಬಹುದು. ಕಡತದ ಸ್ಥಿತಿಗತಿ ತಿಳಿಯಲು ಮಾಹಿತಿ ಹಕ್ಕು ಅಧಿನಿಯಮ, 2005ರ ಅಡಿಯಲ್ಲಿ ಅರ್ಜಿ ಸಲ್ಲಿಸುವ ಅವಕಾಶವೂ ಇದೆ.

10. ಅರ್ಜಿಗೆ ಮುನ್ನ ಸಿದ್ಧಪಡಿಸಿಕೊಳ್ಳಬೇಕಾದ ದಾಖಲೆಗಳು

- ಪದವಿ ಮತ್ತು ಸ್ನಾತಕೋತ್ತರ ಪದವಿಯ ಅಂಕಪಟ್ಟಿಗಳು
- ಅರ್ಹತಾ ಪರೀಕ್ಷೆಯ ಫಲಿತಾಂಶ ಪತ್ರ, ಇದ್ದಲ್ಲಿ
- ಮೀಸಲಾತಿ ಅಥವಾ ರಿಯಾಯಿತಿ ಕೋರುವವರು ಸಂಬಂಧಿತ ಪ್ರಮಾಣಪತ್ರ
- ಸೇವೆಯಲ್ಲಿರುವವರು ನಿರಾಕ್ಷೇಪಣಾ ಪತ್ರ
- ಪ್ರಶ್ನೆ, ಅಳತೆಯ ವಿಧಾನ ಮತ್ತು ಒಪ್ಪಿಗೆ ಪಡೆಯುವ ಕ್ರಮವನ್ನು ತಿಳಿಸುವ ಸಂಶೋಧನಾ ರೂಪುರೇಷೆ

ಸೂಚನೆ: ಈ ಪುಟವು ಮಾಹಿತಿಗಾಗಿ ಮಾತ್ರ. ಯಾವುದೇ ವ್ಯತ್ಯಾಸ ಕಂಡುಬಂದಲ್ಲಿ ಮೂಲ ನಿಯಮಾವಳಿ ಮತ್ತು ವಿಶ್ವವಿದ್ಯಾಲಯದ ಅಧಿಸೂಚನೆಯೇ ಅಂತಿಮ.