ಅದೇ ಪ್ರಶ್ನೆ, ಬೇರೆ ದನಿ

ಹಾಸ್ಟೆಲಿನ ದಿನಗಳಲ್ಲಿ ಗೆಳತಿಯ ಕ್ಯಾಸೆಟ್ಟಿನಲ್ಲಿ ಕೇಳಿದ್ದ ಕರೋಲ್ ಕಿಂಗ್‌ಳ ‘ಟ್ಯಾಪೆಸ್ಟ್ರಿ’ಯನ್ನು ಈಚೆಗೆ ಮತ್ತೆ ಕೇಳಿದೆ. 1971ರಲ್ಲಿ ಅಮೆರಿಕದಲ್ಲಿ ಹೊರಬಂದು 15 ವಾರ ಮೊದಲ ಸ್ಥಾನದಲ್ಲಿದ್ದ ಧ್ವನಿಮುದ್ರಿಕೆ. ಆಗ ಹಿಡಿಸಿದ್ದು ಪಿಯಾನೊ ಮಾತ್ರ. ಈಗ ಮನಸ್ಸು ನಿಂತದ್ದು ‘ವಿಲ್ ಯು ಲವ್ ಮಿ ಟುಮಾರೊ’ ಎಂಬ ಹಾಡಿನಲ್ಲಿ. ಇವನ ಪ್ರೀತಿ ನಾಳೆಯೂ ಇದ್ದೀತೇ ಎಂಬ ಹುಡುಗಿಯ ಆತಂಕ ಅದು. 1960ರಲ್ಲಿ ಅದರ ಮಾತು ಬರೆದವನು ಗಂಡ ಜೆರ್ರಿ ಗಾಫಿನ್ (ಹೆಣ್ಣಿನ ಅಂಜಿಕೆಗೆ ಗಂಡಸಿನ ಮಾತು, ನೋಡಿ!), ರಾಗ ಹಾಕಿದವಳು ಹದಿನೆಂಟರ ಕರೋಲ್, ಹಾಡಿದ್ದು ಶಿರೆಲ್ಸ್ ತಂಡದ ಹುಡುಗಿಯರು. 1968ರಲ್ಲಿ ಮದುವೆ ಮುರಿಯಿತು. ಇಬ್ಬರು ಹೆಣ್ಣುಮಕ್ಕಳೊಡನೆ ಲಾಸ್ ಏಂಜಲೀಸಿಗೆ ಬಂದವಳು, ಮರುಮದುವೆಯಾದ ಮೇಲೆ, ಅದೇ ಹಾಡನ್ನು ಇಲ್ಲಿ ತಾನೇ ನಿಧಾನವಾಗಿ ಹಾಡಿದ್ದಾಳೆ. ಉತ್ತರ ಗೊತ್ತಿದ್ದೂ ಕೇಳುವವಳ ದನಿ. 1972ರಲ್ಲಿ ನಾಲ್ಕು ಗ್ರ್ಯಾಮಿ ಪ್ರಶಸ್ತಿ ಬಂದಾಗ ಆಕೆ ಸಮಾರಂಭಕ್ಕೆ ಹೋಗಲಿಲ್ಲ, ಮನೆಯಲ್ಲಿ ಹಸುಗೂಸಿತ್ತು.