ಐದು ಕೆ.ಜಿ. ಗಾಳಿ: ಗೂಡ್ಸ್ ಗಾಡಿಯ ಬ್ರೇಕು ಮತ್ತು ಪರದೆಯ ಮೇಲಿನ ಅಂಕಿ

ರಬಕವಿಯವರು ರೈಲು ನೋಡಬೇಕೆಂದರೆ ಕುಡಚಿಗೆ ಹೋಗಬೇಕು, ಇಲ್ಲವೇ ಬಾಗಲಕೋಟೆಗೆ. ಈ ಎರಡೂ ಊರುಗಳನ್ನು ಜೋಡಿಸುವ ಸುಮಾರು 142 ಕಿ.ಮೀ. ಮಾರ್ಗಕ್ಕೆ 2010-11ರಲ್ಲಿ ಮಂಜೂರಾತಿ ಸಿಕ್ಕಿತು. ಬಾಗಲಕೋಟೆಯ ಕಡೆಯಿಂದ ಮೊದಲು ಖಜ್ಜಿಡೋಣಿಯ ತನಕ ಹಳಿ ಬಿತ್ತು. ರಬಕವಿ-ಬನಹಟ್ಟಿಯ ಸರದಿ ಇನ್ನೂ ಬಂದಿಲ್ಲ. ಹಾಗಾಗಿ ಈ ಭಾಗದಲ್ಲಿ ರೈಲಿನ ಹುಚ್ಚು ಹತ್ತಿದ ಹುಡುಗ ಎಂಜಿನ್ನಿನ ಹ್ಯಾಂಡಲ್ಲನ್ನು ಮೊದಲು ಮುಟ್ಟುವುದು ಕಂಪ್ಯೂಟರಿನಲ್ಲೇ. ಎಕ್ಸ್‌ಪ್ರೆಸ್ ಗಾಡಿಯನ್ನು ಹೇಗೋ ಓಡಿಸಿಬಿಡುತ್ತಾನೆ. ಗೂಡ್ಸ್ ಗಾಡಿಗೆ ಬಂದಾಗ ತೊಡಕು ಶುರುವಾಗುತ್ತದೆ: ಬ್ರೇಕು ಹಾಕಿದರೆ ಗಾಡಿ ನಿಲ್ಲುವುದಿಲ್ಲ, ಬಿಟ್ಟರೆ ಹೊರಡುವುದಿಲ್ಲ, ಪರದೆಯ ಮೇಲೆ ಮಾತ್ರ ನಾಲ್ಕಾರು ಅಂಕಿಗಳು ಏರಿಳಿಯುತ್ತಿರುತ್ತವೆ.

ಈ ಲೇಖನ ಆ ಅಂಕಿಗಳ ಚರಿತ್ರೆಯನ್ನು ಕುರಿತದ್ದು. ‘ಓಪನ್ ರೈಲ್ಸ್’ ಎಂಬ ಉಚಿತ ಸಿಮ್ಯುಲೇಟರಿನಲ್ಲಿ ಎಫ್5 ಒತ್ತಿದರೆ ಬ್ರೇಕಿನ ಸಾಲಿನಲ್ಲಿ ಇಕ್ಯೂ, ಬಿಸಿ, ಬಿಪಿ, ಇಒಟಿ ಎಂಬ ಗುರುತುಗಳು ಕಾಣುತ್ತವೆ. ಬಿಪಿ ಎಂದರೆ ಬ್ರೇಕ್ ಪೈಪು, ಎಂಜಿನ್ನಿನಿಂದ ಕೊನೆಯ ಡಬ್ಬಿಯವರೆಗೆ ಹಾಯುವ ಗಾಳಿಯ ಕೊಳವೆ. (ನಮ್ಮ ಮನೆಗಳ ಬಿಪಿ ಬೇರೆ. ಅಲ್ಲಿ ಏರಿದರೆ ಗಾಬರಿ, ಇಲ್ಲಿ ಇಳಿದರೆ ಗಾಡಿ ನಿಲ್ಲುತ್ತದೆ.) ಬಿಸಿ ಎಂದರೆ ಬ್ರೇಕ್ ಸಿಲಿಂಡರು, ಗಾಲಿಗೆ ಬ್ರೇಕ್ ಬ್ಲಾಕನ್ನು ಒತ್ತುವ ಗಾಳಿ ಸೇರುವ ಜಾಗ. ಇಕ್ಯೂ ಡ್ರೈವರನ ಹ್ಯಾಂಡಲ್ಲು ಕೇಳಿಕೊಂಡ ಒತ್ತಡ. ಇಒಟಿ ಗಾಡಿಯ ಬಾಲದಲ್ಲಿರುವ ಒತ್ತಡ. ಇವುಗಳಲ್ಲಿ ಒಂದೊಂದಕ್ಕೂ ಒಂದೊಂದು ದೇಶದ, ಒಂದೊಂದು ಕಾಲದ ನೆನಪು ಅಂಟಿಕೊಂಡಿದೆ. ಆಟದಲ್ಲಿ ಅವು ಒಂದೇ ಸಾಲಿನಲ್ಲಿ ಬಂದು ನಿಂತಿವೆ.

ಕಬ್ಬಿನ ಟ್ರ್ಯಾಕ್ಟರಿನಿಂದ ಬರ್ಲಿಂಗ್ಟನ್ನಿಗೆ

ಹಂಗಾಮಿನಲ್ಲಿ ಜಮಖಂಡಿ, ಮುಧೋಳದ ರಸ್ತೆಗಳಲ್ಲಿ ಎರಡೆರಡು ಟ್ರೇಲರ್ ಕಟ್ಟಿಕೊಂಡು ಕಾರ್ಖಾನೆಗೆ ಹೋಗುವ ಕಬ್ಬಿನ ಟ್ರ್ಯಾಕ್ಟರುಗಳನ್ನು ನೋಡಿದವರಿಗೆ ಹಳೆಯ ಗೂಡ್ಸ್ ಗಾಡಿಯ ಕಷ್ಟವನ್ನು ಬಿಡಿಸಿ ಹೇಳಬೇಕಿಲ್ಲ. ಬ್ರೇಕು ಇರುವುದು ಟ್ರ್ಯಾಕ್ಟರಿಗೆ, ಭಾರ ಇರುವುದು ಹಿಂದೆ. ಇಳಿಜಾರಿನಲ್ಲಿ ಡ್ರೈವರ್ ಬ್ರೇಕು ಒತ್ತಿದ ಕೂಡಲೇ ಟ್ರೇಲರುಗಳು ಮುಂದಕ್ಕೆ ನೂಕುತ್ತವೆ. ಹತ್ತೊಂಬತ್ತನೆಯ ಶತಮಾನದ ರೈಲು ಇದೇ ಸ್ಥಿತಿಯಲ್ಲಿತ್ತು. ಎಂಜಿನ್ನಿಗೊಂದು ಬ್ರೇಕು, ಹಿಂದಿನ ಗಾರ್ಡನ ಡಬ್ಬಿಗೊಂದು ಕೈಬ್ರೇಕು. ನಡುವಿನ ವ್ಯಾಗನ್ನುಗಳಿಗೆ ಬ್ರೇಕು ಬೇಕಾದರೆ ಒಬ್ಬೊಬ್ಬ ಆಳು ಹೋಗಿ ಕೈಯಿಂದ ತಿರುವಬೇಕು.

ಅಮೆರಿಕದ ಜಾರ್ಜ್ ವೆಸ್ಟಿಂಗ್‌ಹೌಸ್ 1869ರಲ್ಲಿ ಗಾಳಿ ಬ್ರೇಕಿಗೆ ಪೇಟೆಂಟ್ ಪಡೆದ. ಮೊದಲ ಮಾದರಿ ನೇರವಾದದ್ದು: ಗಾಳಿ ತುಂಬಿದರೆ ಬ್ರೇಕು ಹಿಡಿಯುತ್ತದೆ. ಕೊಳವೆ ಹರಿದರೆ ಬ್ರೇಕೇ ಇಲ್ಲ. 1872ರಲ್ಲಿ ಅವನು ಇದನ್ನೇ ತಲೆಕೆಳಗು ಮಾಡಿದ. ಗಾಡಿ ಓಡುವಾಗ ಕೊಳವೆಯಲ್ಲಿ ಸದಾ ಗಾಳಿ ತುಂಬಿರಬೇಕು. ಪ್ರತಿ ಡಬ್ಬಿಯ ಕೆಳಗೂ ಗಾಳಿಯ ಟ್ಯಾಂಕೊಂದು, ಟ್ರಿಪಲ್ ವಾಲ್ವೊಂದು. ಕೊಳವೆಯ ಒತ್ತಡ ಇಳಿದರೆ ಆ ವಾಲ್ವು ಟ್ಯಾಂಕಿನ ಗಾಳಿಯನ್ನು ಸಿಲಿಂಡರಿಗೆ ಬಿಡುತ್ತದೆ. ಗಾಡಿ ತುಂಡಾದರೆ ಎರಡೂ ತುಂಡುಗಳು ತಾವಾಗಿಯೇ ನಿಲ್ಲುತ್ತವೆ. ಇಂದಿನ ಆಟಗಳಲ್ಲೂ ಹೊಸಬ ಮೊದಲು ಎಡವುವುದು ಈ ತಲೆಕೆಳಗಿನ ಲೆಕ್ಕದಲ್ಲೇ: ಅಂಕಿ ಇಳಿಯುವುದು ಎಂದರೆ ಬ್ರೇಕು ಏರುವುದು.

ಪ್ಯಾಸೆಂಜರ್ ಗಾಡಿಗೆ ಇಷ್ಟು ಸಾಕಾಯಿತು. ಗೂಡ್ಸ್ ಗಾಡಿಗೆ ಸಾಲಲಿಲ್ಲ. 1886ರಲ್ಲಿ ಅಯೋವಾದ ಬರ್ಲಿಂಗ್ಟನ್ನಿನಲ್ಲಿ 50 ಡಬ್ಬಿಗಳ ಗೂಡ್ಸ್ ಗಾಡಿಗಳ ಮೇಲೆ ಬೇರೆ ಬೇರೆ ಬ್ರೇಕುಗಳ ಪರೀಕ್ಷೆ ನಡೆಯಿತು. ಮುಂದಿನ ಡಬ್ಬಿಗಳಿಗೆ ಬ್ರೇಕು ಹಿಡಿದ ಹೊತ್ತಿಗೆ ಹಿಂದಿನವಕ್ಕೆ ಸುದ್ದಿಯೇ ಮುಟ್ಟಿರಲಿಲ್ಲ. ಬಾಲ ಬಂದು ತಲೆಗೆ ಅಪ್ಪಳಿಸಿತು. 1887ರಲ್ಲಿ ಮತ್ತೆ ಪರೀಕ್ಷೆ, ಮತ್ತೆ ಅದೇ ಹೊಡೆತ. ವೆಸ್ಟಿಂಗ್‌ಹೌಸ್ ವಾಲ್ವನ್ನು ತಿದ್ದಿದ. ಪ್ರತಿ ಡಬ್ಬಿಯ ವಾಲ್ವೂ ತನ್ನಲ್ಲೇ ಸ್ವಲ್ಪ ಗಾಳಿ ಬಿಟ್ಟು ಹಿಂದಿನ ಡಬ್ಬಿಗೆ ಸುದ್ದಿ ದಾಟಿಸುವಂತೆ ಮಾಡಿದ ಮೇಲೆ ಅದೇ ವರ್ಷ ಹೊಡೆತ ಹತೋಟಿಗೆ ಬಂತು. ನನ್ನ ಮಟ್ಟಿಗೆ ಗೂಡ್ಸ್ ಬ್ರೇಕಿನ ಚರಿತ್ರೆ ನಿಜವಾಗಿ ಆರಂಭವಾಗುವುದು ಇಲ್ಲಿ. ಒತ್ತಡ ಎಷ್ಟು ಎಂಬ ಪ್ರಶ್ನೆಯ ಬದಲು ಎಲ್ಲಿಯ ಒತ್ತಡ ಎಂಬ ಪ್ರಶ್ನೆ ಮೊದಲ ಬಾರಿಗೆ ಎದ್ದದ್ದು ಬರ್ಲಿಂಗ್ಟನ್ನಿನಲ್ಲಿ.

53 ಸೆಂಟಿಮೀಟರ್ ಪಾದರಸ

ಬ್ರಿಟನ್ ಬೇರೆ ದಾರಿ ಹಿಡಿಯಿತು: ಕೊಳವೆಗೆ ಗಾಳಿ ತುಂಬುವ ಬದಲು ಅದರಿಂದ ಗಾಳಿಯನ್ನು ಹೀರಿ ತೆಗೆಯುವ ನಿರ್ವಾತ ಬ್ರೇಕು. 1889ರ ಜೂನ್ 12ರಂದು ಐರ್ಲೆಂಡಿನ ಅರ್ಮಾದ ಬಳಿ ವಿಹಾರಕ್ಕೆ ಹೊರಟಿದ್ದ ಗಾಡಿಯೊಂದು ಏರು ಹತ್ತಲಾರದೆ ನಿಂತಿತು. ಅದನ್ನು ಎರಡು ತುಂಡು ಮಾಡಿದಾಗ ಹಿಂದಿನ ತುಂಡು ಹಿಂದಕ್ಕೆ ಉರುಳಿ, ಬೆನ್ನ ಹಿಂದೆ ಬರುತ್ತಿದ್ದ ಗಾಡಿಗೆ ಬಡಿಯಿತು. ಸುಮಾರು 80 ಜನ ಸತ್ತರು. ವಿಹಾರದ ಗಾಡಿಗಿದ್ದ ಬ್ರೇಕು ನಿರ್ವಾತದ್ದೇ, ಆದರೆ ತುಂಡಾದರೆ ತಾನಾಗಿ ಹಿಡಿಯುವ ಬಗೆಯದಲ್ಲ. ಅದೇ ವರ್ಷ ಬಂದ ಕಾನೂನು ಪ್ಯಾಸೆಂಜರ್ ಗಾಡಿಗಳಿಗೆ ತಾನಾಗಿ ಹಿಡಿಯುವ ಬ್ರೇಕನ್ನು ಕಡ್ಡಾಯ ಮಾಡಿತು. ಬ್ರಿಟಿಷ್ ಕಂಪನಿಗಳಲ್ಲಿ ಹೆಚ್ಚಿನವು ನಿರ್ವಾತ ಬ್ರೇಕನ್ನೇ ತಿದ್ದಿಕೊಂಡು ಉಳಿಸಿಕೊಂಡವು. ಅವರ ಬೆನ್ನಿಗೇ ಹಿಂದೂಸ್ತಾನವೂ ನಿರ್ವಾತಕ್ಕೆ ಅಂಟಿಕೊಂಡಿತು.

ನಮ್ಮ ರೈಲಿನವರ ಬಾಯಲ್ಲಿ ಅದು ‘ವ್ಯಾಕ್ಯೂಮ್’. ಗೇಜಿನಲ್ಲಿ ಕೆ.ಜಿ. ಇರಲಿಲ್ಲ, ಪಾದರಸದ ಸೆಂಟಿಮೀಟರ್ ಇತ್ತು. ಎಂಜಿನ್ನಿನಲ್ಲಿ 53 ಕಾಣಬೇಕು. ಲೆಕ್ಕ ಹಾಕಿದರೆ 53 ಸೆಂ.ಮೀ. ಪಾದರಸ ಎಂದರೆ ಚದರ ಸೆಂಟಿಮೀಟರಿಗೆ ಸುಮಾರು 0.72 ಕೆ.ಜಿ. ಮಾತ್ರ. ಇಂದಿನ ಗೂಡ್ಸ್ ವ್ಯಾಗನ್ನಿನ ಬ್ರೇಕ್ ಸಿಲಿಂಡರಿನಲ್ಲಿ ಪೂರ್ತಿ ಬ್ರೇಕಿಗೆ ಏರುವ ಒತ್ತಡ 3.8 ಕೆ.ಜಿ. ಐದು ಪಟ್ಟಿಗಿಂತ ಹೆಚ್ಚಿನ ಅಂತರ. ಆದ್ದರಿಂದಲೇ ಹಳೆಯ ವ್ಯಾಗನ್ನುಗಳ ಹೊಟ್ಟೆಯಡಿ ಅಷ್ಟು ದೊಡ್ಡ ಸಿಲಿಂಡರುಗಳು ತೂಗುತ್ತಿದ್ದವು. ಅದೂ ಅಲ್ಲದೆ ಗಾಳಿಯನ್ನು ಎಷ್ಟು ಬೇಕಾದರೂ ಒತ್ತಿ ತುಂಬಬಹುದು, ಹೀರಿ ತೆಗೆಯುವುದಕ್ಕೆ ಮಾತ್ರ ಮಿತಿಯಿದೆ: ಹೊರಗಿರುವುದೇ ಒಂದು ವಾತಾವರಣದಷ್ಟು.

ಕನ್ನಡ ನಾಡಿನಲ್ಲಿ ಈ ಮಿತಿಯ ಪರೀಕ್ಷೆ ನಡೆದದ್ದು ಘಾಟುಗಳಲ್ಲಿ. ಮುರಗಾವಿನಿಂದ ಹೊರಟ ಮೀಟರ್ ಗೇಜ್ ಹಳಿ 1888ರಲ್ಲಿ ಕ್ಯಾಸಲ್ ರಾಕ್ ಮುಟ್ಟಿತು. ಕ್ಯಾಸಲ್ ರಾಕ್‌ನಿಂದ ಕುಳೆಯವರೆಗೆ, ದೂಧಸಾಗರದ ಮಗ್ಗುಲಲ್ಲಿ, ಇಳಿಜಾರು 37ಕ್ಕೆ 1. ಎಂದರೆ ಸಾವಿರ ಟನ್ನಿನ ಗಾಡಿಯನ್ನು ಇಳಿಜಾರೇ 27 ಟನ್ ಬಲದಿಂದ ಕೆಳಕ್ಕೆ ನೂಕುತ್ತದೆ. ಹಾಸನ-ಮಂಗಳೂರು ಮಾರ್ಗ 1979ರಲ್ಲಿ ತೆರೆಯಿತು. ಅದರ ಸಕಲೇಶಪುರ-ಸುಬ್ರಹ್ಮಣ್ಯ ರೋಡ್ ಘಾಟ್ 50ಕ್ಕೆ 1. ಲೋಂಡಾದ ಕಡೆಯ ಹಳಿಗಳು 1990ರ ದಶಕದಲ್ಲಿ ಬ್ರಾಡ್ ಗೇಜ್ ಆದವು, ಸಕಲೇಶಪುರದ ಘಾಟಿನಲ್ಲಿ 2006ರಲ್ಲಿ ಬ್ರಾಡ್ ಗೇಜ್ ಗೂಡ್ಸ್ ಇಳಿಯಿತು. ಹಳಿ ಅಗಲವಾದಂತೆ ವ್ಯಾಕ್ಯೂಮ್ ಕೂಡ ಹಿಂದೆ ಸರಿಯಿತು.

ದೇಶದ ಗೂಡ್ಸ್ ಗಾಡಿಗಳಲ್ಲಿ ಗಾಳಿ ಬ್ರೇಕು ದೊಡ್ಡ ಪ್ರಮಾಣದಲ್ಲಿ ಬಂದದ್ದು 1980ರ ದಶಕದಲ್ಲಿ, ಬಾಕ್ಸ್‌ಎನ್ ವ್ಯಾಗನ್ನುಗಳ ಜೊತೆಗೆ. ತೆರೆದ ನೆತ್ತಿಯ ಈ ವ್ಯಾಗನ್ ತುಂಬಿದಾಗ 81.28 ಟನ್ ತೂಗುತ್ತದೆ. 58 ವ್ಯಾಗನ್ ಸೇರಿದರೆ 4,700 ಟನ್ ದಾಟುತ್ತದೆ, ಉದ್ದ 620 ಮೀಟರ್. ಈ ರಾಶಿಯನ್ನು ಹತೋಟಿಯಲ್ಲಿಡುವ ಕೊಳವೆಯಲ್ಲಿರುವುದು ಚದರ ಸೆಂಟಿಮೀಟರಿಗೆ 5 ಕೆ.ಜಿ. ಗಾಳಿ. ಪಂಕ್ಚರ್ ಅಂಗಡಿಯ ಭಾಷೆಯಲ್ಲಿ ಹೇಳಿದರೆ 71 ಪಾಯಿಂಟ್, ಲಾರಿಯ ಟೈರಿಗೆ ಹಾಕುವುದಕ್ಕಿಂತ ಕಡಿಮೆ.

90, 71, 5.0

ಮೈಕ್ರೋಸಾಫ್ಟ್ ಟ್ರೇನ್ ಸಿಮ್ಯುಲೇಟರ್ 2001ರಲ್ಲಿ ಮಾರುಕಟ್ಟೆಗೆ ಬಂತು. ಅದರಲ್ಲಿದ್ದ ಆರು ಮಾರ್ಗಗಳಲ್ಲಿ ಅಪ್ಪಟ ಗೂಡ್ಸಿನದು ಅಮೆರಿಕದ ಮರಾಯಸ್ ಪಾಸ್. ಅಮೆರಿಕದ ಗೂಡ್ಸ್ ಗಾಡಿಯ ಬ್ರೇಕ್ ಪೈಪಿನ ವಾಡಿಕೆಯ ಒತ್ತಡ 90 ಪಿಎಸ್‌ಐ, ಎಂದರೆ 6.3 ಕೆ.ಜಿ. ಭಾರತದ ಹವ್ಯಾಸಿಗಳು ತಮ್ಮ ಎಂಜಿನ್ನು, ವ್ಯಾಗನ್ನು, ಸ್ಟೇಷನ್ನುಗಳನ್ನು ಕಟ್ಟಿ ಈ ಆಟದೊಳಗೆ ಕೂರಿಸಿದರು. ಬಣ್ಣ, ನಂಬರು, ಹಾರ್ನು ಎಲ್ಲ ನಮ್ಮವೇ. ಎಂಜಿನ್ನಿನ ಕಡತದಲ್ಲಿ ಒತ್ತಡದ ಸಾಲನ್ನು ತಿದ್ದದೆ ಬಿಟ್ಟರೆ ಮಾತ್ರ ನಮ್ಮ ಗಾಡಿಯ ರಕ್ತನಾಳದಲ್ಲಿ ಪರದೇಶದ ಗಾಳಿ ಹರಿಯುತ್ತದೆ. ಭಾರತದ ಎಂಜಿನ್ನಿನಲ್ಲಿ 6 ಕೆ.ಜಿ. ಇರುವುದು ಟ್ಯಾಂಕುಗಳಿಗೆ ಗಾಳಿ ಒದಗಿಸುವ ಫೀಡ್ ಪೈಪಿನಲ್ಲಿ. ಬ್ರೇಕ್ ಪೈಪಿನಲ್ಲಿ ಅಷ್ಟು ಕಂಡರೆ ಯಾವ ಡ್ರೈವರನೂ ಗಾಡಿ ಹೊರಡಿಸುವುದಿಲ್ಲ.

ಅದೇ ಆಟದ ಸಾಮಗ್ರಿಯನ್ನು ಓಡಿಸಲೆಂದು ಹವ್ಯಾಸಿಗಳೇ ಬರೆದ ಓಪನ್ ರೈಲ್ಸ್ 2015ರಲ್ಲಿ 1.0 ಆವೃತ್ತಿಗೆ ಬಂತು. ಅದರ ಆಯ್ಕೆಗಳಲ್ಲಿ ಒತ್ತಡವನ್ನು ಪಿಎಸ್‌ಐ, ಬಾರ್, ಪಾದರಸದ ಇಂಚು, ಕೆ.ಜಿ. ಹೀಗೆ ಬೇಕಾದ ಮಾನದಲ್ಲಿ ಓದಬಹುದು. ಆದರೆ ಮಾನ ಬದಲಿಸಿದ ಮಾತ್ರಕ್ಕೆ ಬ್ರೇಕಿನ ಸ್ವಭಾವ ಬದಲಾಗುವುದಿಲ್ಲ. ಅಮೆರಿಕದ ಗೂಡ್ಸ್ ವಾಲ್ವಿಗೆ ಬಿಡುವುದೆಂದರೆ ಪೂರ್ತಿ ಬಿಡುವುದು. ಒತ್ತಡ ತುಸು ಏರಿದರೂ ಸಿಲಿಂಡರು ಖಾಲಿಯಾಗುತ್ತದೆ. ಅದಕ್ಕೇ ಅಲ್ಲಿ ಘಾಟ್ ಇಳಿಯುವಾಗ ಸಿಲಿಂಡರಿನ ಗಾಳಿಯನ್ನು ತಡೆದಿಡುವ ರಿಟೇನರ್ ವಾಲ್ವು ಬೇಕಾಯಿತು. ಜರ್ಮನಿಯ ಕುಂಟ್ಸೆ-ಕ್ನೋರ್ ಬ್ರೇಕು 1918ರ ಹೊತ್ತಿಗೆ ಇನ್ನೊಂದು ದಾರಿ ತೋರಿಸಿತು: ಹಾಕುವಾಗ ಹೇಗೆ ಮೆಟ್ಟಿಲು ಮೆಟ್ಟಿಲಾಗಿ ಹಾಕುತ್ತೇವೋ ಬಿಡುವಾಗಲೂ ಹಾಗೇ ಬಿಡಬಹುದು. ನಮ್ಮ ವ್ಯಾಗನ್ನುಗಳಲ್ಲಿ ಟ್ರಿಪಲ್ ವಾಲ್ವಿನ ಕೆಲಸ ಮಾಡುವ ಸಿ3ಡಬ್ಲ್ಯೂ, ಕೆಇ ಡಿಸ್ಟ್ರಿಬ್ಯೂಟರ್ ವಾಲ್ವುಗಳು ಈ ಯುರೋಪಿನ ವಂಶದವು. ಓಪನ್ ರೈಲ್ಸ್‌ನಲ್ಲಿ ‘ಗ್ರ್ಯಾಜುಯೇಟೆಡ್ ರಿಲೀಸ್’ ಎಂಬ ಪುಟ್ಟ ಚೌಕದಲ್ಲಿ ಗುರುತು ಹಾಕುವವನು ತಿಳಿದೋ ತಿಳಿಯದೆಯೋ ಈ ಎರಡು ವಂಶಗಳಲ್ಲಿ ಒಂದನ್ನು ಆರಿಸಿಕೊಳ್ಳುತ್ತಿದ್ದಾನೆ.

ನಮ್ಮ ಬ್ರೇಕಿನ ಹಂತಗಳನ್ನೂ ಹತ್ತಿರದಿಂದ ನೋಡೋಣ. ಡ್ರೈವರನ ಬ್ರೇಕಿನ ಎ9 ಹ್ಯಾಂಡಲ್ಲನ್ನು ಸ್ವಲ್ಪ ಸರಿಸಿದರೆ 5.0 ಇದ್ದದ್ದು 4.5ರ ಆಸುಪಾಸಿಗೆ ಬರುತ್ತದೆ. ಪೂರ್ತಿ ಬ್ರೇಕಿಗೆ 3.5ರ ತನಕ ಇಳಿಸಬೇಕು. ಅದಕ್ಕಿಂತ ಕೆಳಗೆ ಎಮರ್ಜೆನ್ಸಿ. ಗೂಡ್ಸಿನಲ್ಲಿ ಸಿಲಿಂಡರು ತುಂಬಲು 18ರಿಂದ 30 ಸೆಕೆಂಡ್, ಬಿಡಲು 45ರಿಂದ 60 ಸೆಕೆಂಡ್. ಪ್ಯಾಸೆಂಜರ್ ಗಾಡಿಗೆ ತುಂಬಲು 3ರಿಂದ 5 ಸೆಕೆಂಡ್ ಸಾಕು. ಗೂಡ್ಸಿನ ಈ ನಿಧಾನ ಬೇಕೆಂದೇ ಇಟ್ಟದ್ದು, ಬರ್ಲಿಂಗ್ಟನ್ನಿನ ಹೊಡೆತ ಮತ್ತೆ ಬೀಳದಿರಲೆಂದು. ಗಂಟೆಗೆ 60 ಕಿ.ಮೀ. ಓಡುವ ಗಾಡಿ 20 ಸೆಕೆಂಡಿನಲ್ಲಿ 330 ಮೀಟರ್ ದಾಟಿರುತ್ತದೆ. ಆಟದ ಹುಡುಗ ಪ್ಲಾಟ್‌ಫಾರ್ಮ್ ದಾಟಿಹೋಗುವುದು ಈ ಇಪ್ಪತ್ತು ಸೆಕೆಂಡಿನಲ್ಲೇ.

ಡಿಸ್ಟ್ರಿಬ್ಯೂಟರ್ ವಾಲ್ವಿಗೆ ನೆನಪಿನ ಶಕ್ತಿಯೂ ಇದೆ. ಅದರ ಪಕ್ಕದ ಕಂಟ್ರೋಲ್ ರಿಸರ್ವಾಯರ್, ಸುಮಾರು ಆರು ಲೀಟರಿನ ಸಣ್ಣ ಟ್ಯಾಂಕು, ‘ಬ್ರೇಕು ಬಿಟ್ಟ ಸ್ಥಿತಿಯಲ್ಲಿ ಒತ್ತಡ ಇಷ್ಟಿತ್ತು’ ಎಂಬುದನ್ನು ಹಿಡಿದಿಟ್ಟುಕೊಳ್ಳುತ್ತದೆ. ಒಂದು ಎಂಜಿನ್ 5.4 ತುಂಬಿ ಬಿಟ್ಟುಹೋಗಿದ್ದು, ಹೊಸ ಎಂಜಿನ್ ಬಂದು ಸರಿಯಾಗಿ 5.0 ಕೊಟ್ಟಿತು ಅನ್ನಿ. ವಾಲ್ವಿನ ಲೆಕ್ಕದಲ್ಲಿ 0.4 ಇಳಿದಿದೆ, ಬ್ರೇಕು ಹಾಕಬೇಕು. ಗೇಜಿನಲ್ಲಿ ತಪ್ಪಿಲ್ಲ, ಗಾಲಿಗಳು ಮಾತ್ರ ಹಿಡಿದುಕೊಂಡಿವೆ. ಇದಕ್ಕೆ ರೈಲಿನವರು ‘ಬ್ರೇಕ್ ಬೈಂಡಿಂಗ್’ ಎನ್ನುತ್ತಾರೆ. ಒಬ್ಬ ವ್ಯಾಗನ್ನಿನಿಂದ ವ್ಯಾಗನ್ನಿಗೆ ನಡೆದು, ಬಗ್ಗಿ, ವಾಲ್ವಿನ ರಿಲೀಸ್ ಹಿಡಿಯನ್ನು ಎಳೆಯುತ್ತ ಹೋಗಬೇಕು. 58 ಸಲ ಬಗ್ಗಬೇಕು.

ಗಾರ್ಡನ ಗೇಜು

ಆಟ ಮತ್ತು ನಿಜದ ನಡುವಿನ ಬಹು ದೊಡ್ಡ ವ್ಯತ್ಯಾಸ ಇಒಟಿ ಎಂಬ ಅಂಕಿಯಲ್ಲಿದೆ ಎಂಬುದು ನನ್ನ ವಾದ. ಗಾಡಿಯ ಬಾಲಕ್ಕೆ ಸಿಕ್ಕಿಸಿದ ಪೆಟ್ಟಿಗೆಯೊಂದು ಅಲ್ಲಿಯ ಒತ್ತಡವನ್ನು ರೇಡಿಯೊ ಮೂಲಕ ಎಂಜಿನ್ನಿಗೆ ತಿಳಿಸುವ ಅಮೆರಿಕದ ಪದ್ಧತಿಯಿಂದ ಆ ಹೆಸರು ಬಂದಿದೆ. ನಮ್ಮಲ್ಲಿ ಆ ಕೆಲಸ ಮಾಡುತ್ತ ಬಂದವನು ಬ್ರೇಕ್‌ವ್ಯಾನಿನ ಗಾರ್ಡ್. 2022ರ ಜನವರಿಯಿಂದ ಅವನ ಹುದ್ದೆಯ ಹೆಸರು ಟ್ರೇನ್ ಮ್ಯಾನೇಜರ್. ಎಂಜಿನ್ನಿನಲ್ಲಿ 5.0 ಇದ್ದಾಗ ಅವನ ಗೇಜಿನಲ್ಲಿ 56 ವ್ಯಾಗನ್ ತನಕದ ಗಾಡಿಗೆ ಕನಿಷ್ಠ 4.8, ಅದಕ್ಕಿಂತ ಉದ್ದವಿದ್ದರೆ 4.7 ಇರಬೇಕು. ಹತ್ತಾರು ಜೋಡಣೆಗಳ ರಬ್ಬರಿನ ಸಂದಿಗಳಲ್ಲಿ ಸೋರಿಹೋಗಲು ರೈಲ್ವೆ ಒಪ್ಪಿಕೊಂಡ ಗಾಳಿ ಇಷ್ಟೇ: ಒಂದು ಕೆ.ಜಿ.ಯ ಹತ್ತರಲ್ಲಿ ಎರಡೋ ಮೂರೋ ಪಾಲು. ಹೊರಡುವ ಮೊದಲು ಕಂಟಿನ್ಯುಟಿ ನೋಡುತ್ತಾರೆ. ಡ್ರೈವರ್ ಒತ್ತಡ ಇಳಿಸುತ್ತಾನೆ, ತನ್ನ ಗೇಜೂ ಇಳಿಯಿತೆಂದು ಗಾರ್ಡ್ ಹೇಳುತ್ತಾನೆ. ಬಳಿಕ ಗಾರ್ಡ್ ತನ್ನ ವಾಲ್ವು ತೆರೆಯುತ್ತಾನೆ, ಎಂಜಿನ್ನಿನ ಮುಳ್ಳು ಅಲುಗಿತೆಂದು ಡ್ರೈವರ್ ಹೇಳುತ್ತಾನೆ. ಇಬ್ಬರು ಎರಡು ತುದಿಯಲ್ಲಿ ನಿಂತು ಒಂದೇ ಕೊಳವೆಯನ್ನು ಓದುವ ಈ ಪದ್ಧತಿಯನ್ನು ಆಟ ಒಂದೇ ಸಾಲಿಗೆ ಇಳಿಸಿಬಿಟ್ಟಿದೆ. ಅಲ್ಲಿ ಡ್ರೈವರನಿಗೆ ಎಲ್ಲವೂ ಕಾಣುತ್ತದೆ. ಗಾರ್ಡ್ ಇಲ್ಲ.

ತಲೆಯ ಗೇಜು ಎಷ್ಟು ಸುಳ್ಳು ಹೇಳಬಲ್ಲದು ಎಂಬುದಕ್ಕೆ ಪ್ಯಾರಿಸ್ಸಿನ ಗಾರ್ ದ ಲಿಯೋನ್ ಸಾಕ್ಷಿ. 1988ರ ಜೂನ್ 27ರಂದು ಅಲ್ಲಿಗೆ ಬಂದ ಲೋಕಲ್ ಗಾಡಿಯಲ್ಲಿ ಮೊದಲ ಡಬ್ಬಿಯ ಹಿಂದೆ ಬ್ರೇಕ್ ಪೈಪಿನ ಗಾಳಿಯನ್ನು ತಡೆಯುವ ಕಾಕು ಮುಚ್ಚಿತ್ತು. ಹಿಂದಿನ ಡಬ್ಬಿಗಳಿಗೆ ಬ್ರೇಕು ಮುಟ್ಟಲೇ ಇಲ್ಲ. ಗಾಡಿ ನಿಲ್ಲದೆ ಆದ ಅಪಘಾತದಲ್ಲಿ 56 ಜನ ತೀರಿಕೊಂಡರು.

ಇದನ್ನು ಆಟದಲ್ಲೇ ಮಾಡಿ ನೋಡಬಹುದು. ಓಪನ್ ರೈಲ್ಸ್‌ನಲ್ಲಿ ಎಫ್9 ಒತ್ತಿದರೆ ಗಾಡಿಯ ಚಿತ್ರ ಬರುತ್ತದೆ. ಯಾವ ವ್ಯಾಗನ್ನಿನ ಮೇಲೆ ಕ್ಲಿಕ್ ಮಾಡಿದರೂ ಅದರ ಹೋಸು, ಆ್ಯಂಗಲ್ ಕಾಕು, ಕೈಬ್ರೇಕುಗಳ ಪಟ್ಟಿ ತೆರೆಯುತ್ತದೆ. ಒಂಬತ್ತನೆಯ ವ್ಯಾಗನ್ನಿನ ಹಿಂದಿನ ಕಾಕನ್ನು ಮುಚ್ಚಿ. ಎಂಜಿನ್ನಿಗೆ ಮರಳಿ ಬನ್ನಿ. ಬಿಪಿ 5.0, ಎಲ್ಲ ಸರಿಯಾಗಿರುವಂತೆಯೇ ತೋರುತ್ತದೆ. ಈಗ ಬ್ರೇಕು ಹಾಕಿ. ನಿಜದ ಗಾಡಿಯಲ್ಲಾದರೆ ಅನುಭವಿ ಡ್ರೈವರನ ಕಿವಿ ಮೊದಲು ಎಚ್ಚರಗೊಳ್ಳುತ್ತದೆ: 58 ವ್ಯಾಗನ್ನಿನ ಕೊಳವೆ ಖಾಲಿಯಾಗುವಾಗ ಬಹಳ ಹೊತ್ತು ‘ಸುಸ್ಸ್’ ಎನ್ನಬೇಕಾದ ಗಾಳಿ ಒಂಬತ್ತೇ ವ್ಯಾಗನ್ನಿನದಾದ್ದರಿಂದ ಚಿಟಿಕೆ ಹೊಡೆಯುವುದರೊಳಗೆ ನಿಂತಿರುತ್ತದೆ. ಪರದೆಯ ಮೇಲೆ ಬಿಪಿ 4.5, 4.2 ಎಂದು ಇಳಿಯುತ್ತ ಹೋಗುತ್ತದೆ. ಪಕ್ಕದ ಇಒಟಿ 4.8ರಲ್ಲೇ ನಿಂತಿದೆ.