ಕೊಲ್ಹಾರದ ಬಿಸಿಲೂ ಬೆವರಿನ ಉಪ್ಪೂ: ಕಾನ್‌ರ ವಾದದ ಮರುಪರಿಶೀಲನೆ

ಅಡ್ರಿನಲ್ ಗ್ರಂಥಿಗಳ ಹೊರಪದರವು ಕೊಲೆಸ್ಟರಾಲಿನಿಂದ ನಿರ್ಮಿಸುವ ಸ್ಟೀರಾಯ್ಡ್ ಹಾರ್ಮೋನುಗಳಲ್ಲಿ ಕಾರ್ಟಿಸಾಲು ಸಕ್ಕರೆಯ ವಿನಿಯೋಗವನ್ನೂ ಉರಿಯೂತದ ನಿಗ್ರಹವನ್ನೂ, ಆಲ್ಡೊಸ್ಟೆರೋನು ಲವಣದ ಸಮತೋಲವನ್ನೂ ನಿರ್ವಹಿಸುತ್ತವೆಂಬುದು ಇಂದು ನಿರ್ವಿವಾದ. 1855ರಲ್ಲಿ ಅಡಿಸನ್ನರು ಈ ಗ್ರಂಥಿಗಳ ನಾಶದಿಂದುಂಟಾಗುವ ವ್ಯಾಧಿಯನ್ನು ವರ್ಣಿಸಿದರು; 1953ರಲ್ಲಿ ಸಿಂಪ್ಸನ್, ಟೇಟ್ ಮೊದಲಾದವರು ಆಲ್ಡೊಸ್ಟೆರೋನನ್ನು ಬೇರ್ಪಡಿಸಿದರು. ಆ ಚರಿತ್ರೆಯನ್ನಿಲ್ಲಿ ವಿಸ್ತರಿಸಬೇಕಾಗಿಲ್ಲ.

ವಿವಾದವಿರುವುದು ಬೆವರಿನ ವಿಷಯದಲ್ಲಿ. ಬಿಸಿಲಿನಲ್ಲಿ ದುಡಿಯುವವನ ಬೆವರಿನಲ್ಲಿ ಕೆಲದಿನಗಳಲ್ಲೇ ಉಪ್ಪಿನಂಶ ಇಳಿಯುವುದನ್ನು ಎರಡನೆಯ ಮಹಾಯುದ್ಧದ ಕಾಲದಲ್ಲಿ ಪರಿಶೀಲಿಸಿದ ಮಿಶಿಗನ್ ವಿಶ್ವವಿದ್ಯಾನಿಲಯದ ಜೆರೋಮ್ ಕಾನ್‌ರು, ಉಷ್ಣಕ್ಕೆ ಒಗ್ಗಿಕೊಳ್ಳುವ ದೇಹದಲ್ಲಿ ಅಡ್ರಿನಲ್ ಸ್ರಾವ ಅಧಿಕವಾಗುವುದೇ ಇದಕ್ಕೆ ಕಾರಣವೆಂದು ಪ್ರತಿಪಾದಿಸಿದರು. ಈ ಅಧ್ಯಯನದ ಅನುಭವವೇ ಅವರನ್ನು 1955ರಲ್ಲಿ ಪ್ರಕಟವಾದ, ಈಗ ಅವರ ಹೆಸರಿನಿಂದಲೇ ಪ್ರಸಿದ್ಧವಾದ ವ್ಯಾಧಿಯ ಶೋಧನೆಗೆ ಕೊಂಡೊಯ್ದಿತೆಂಬುದನ್ನು ನೆನೆದರೆ, ಅವರ ವಾದವನ್ನು ಲಘುವಾಗಿ ತಳ್ಳಿಹಾಕಲಾಗದು. ಆದರೂ 1986ರಲ್ಲಿ ಕರ್ಬಿ ಮತ್ತು ಕನ್ವರ್ಟಿನೊ ಅವರು, ಉಷ್ಣಾಭ್ಯಾಸದ ಅನಂತರ ಬೆವರಿನ ಸೋಡಿಯಂ ಬಹುವಾಗಿ ಇಳಿದಿದ್ದರೂ ರಕ್ತದ ಆಲ್ಡೊಸ್ಟೆರೋನು ಏರಿರಲಿಲ್ಲವೆಂದು ತೋರಿಸಿದರು. ಸ್ರಾವ ಹೆಚ್ಚುವುದರ ಬದಲು, ಅದೇ ಸ್ರಾವಕ್ಕೆ ಬೆವರುಗ್ರಂಥಿ ಓಗೊಡುವ ಶಕ್ತಿ ಹೆಚ್ಚುತ್ತದೆಂಬುದು ಅವರ ಊಹೆ.

ಕೃಷ್ಣಾತೀರದ ಕೊಲ್ಹಾರದಲ್ಲಿ ಬೇಸಗೆಯ ತಾಪ 40 ಡಿಗ್ರಿಯನ್ನು ಮೀರುತ್ತದೆ. ಹೊಲದಿಂದ ಮರಳಿದವನ ಅಂಗಿಯ ಬೆನ್ನಮೇಲೆ, ಬೆವರು ಆರಿದ ಬಳಿಕ, ಬಿಳಿಯ ಉಪ್ಪಿನ ಗೆರೆ ಉಳಿಯುತ್ತದೆ. ಅವನ ಊಟದ ಜೋಳದಲ್ಲಿ ಸೋಡಿಯಂ ಅತ್ಯಲ್ಪ. ಈ ಊರಿಗೆ ಹೆಸರು ತಂದ ಗಡಿಗೆಯ ಮೊಸರಿನಲ್ಲಿಯೂ ಸೋಡಿಯಮ್ಮಿಗಿಂತ ಪೊಟ್ಯಾಸಿಯಮ್ಮೇ ಅಧಿಕ. ಲವಣ ಕುಗ್ಗಿದಾಗ ಮೂತ್ರಪಿಂಡವು ರೆನಿನ್ನನ್ನು ಹೊರಬಿಟ್ಟು ಆಂಜಿಯೊಟೆನ್ಸಿನ್ನಿನ ಮೂಲಕ ಆಲ್ಡೊಸ್ಟೆರೋನನ್ನು ಪ್ರಚೋದಿಸುತ್ತದೆ; ರಕ್ತದಲ್ಲಿ ಪೊಟ್ಯಾಸಿಯಂ ಏರಿದರೂ ಅದೇ ಪರಿಣಾಮ. ಆದ್ದರಿಂದ, ಬೆವರಿನ ಉಪ್ಪನ್ನುಳಿಸುವ ಪ್ರೇರಣೆ ಪ್ರಧಾನವಾಗಿ ಬಿಸಿಲಿನದಲ್ಲ, ಬಿಸಿಲು ತಂದ ಲವಣಕ್ಷಯದ್ದು ಎಂದು ನಾನು ಭಾವಿಸುತ್ತೇನೆ. ಆದರೆ ಈ ಮಾತು ಉಪ್ಪು ಕಡಿಮೆ ತಿಂದು ದುಡಿಯುವವನಿಗೆ ಅನ್ವಯಿಸುವಷ್ಟು ಧಾರಾಳವಾಗಿ ತಿನ್ನುವವನಿಗೆ ಅನ್ವಯಿಸದು. ಕಾನ್‌ರ ಕಾರಣವನ್ನು ಇದು ಅಲ್ಲಗಳೆಯುವುದೂ ಇಲ್ಲ, ಅದರ ಹಿಂದಿನ ಮೆಟ್ಟಿಲನ್ನು ಮಾತ್ರ ಸೂಚಿಸುತ್ತದೆ. ಬೆವರುಗ್ರಂಥಿಯ ಸ್ವಂತ ಪಾಲೆಷ್ಟೆಂಬುದು ಇನ್ನೂ ತೀರ್ಮಾನವಾಗಬೇಕು.

ನಾನು ಅವಲಂಬಿಸಿದ ಪ್ರಮಾಣಗಳೆಲ್ಲ ಅನ್ಯದೇಶದ ಪ್ರಯೋಗಶಾಲೆಗಳವು. ಮಾಘ ಮಾಸದಲ್ಲೊಮ್ಮೆ, ವೈಶಾಖದಲ್ಲೊಮ್ಮೆ ಕೊಲ್ಹಾರದ ಕೃಷಿಕಾರ್ಮಿಕರ ಬೆವರು, ಮೂತ್ರ, ರಕ್ತಗಳನ್ನೂ, ಅವರು ಕುಡಿಯುವ ಮಜ್ಜಿಗೆಯ ಉಪ್ಪನ್ನೂ ಒಟ್ಟಿಗೆ ಅಳೆದಲ್ಲದೆ ಈ ಪ್ರಶ್ನೆ ಇತ್ಯರ್ಥವಾಗದು. ವಿಜಯಪುರದ ವೈದ್ಯಕೀಯ ಕಾಲೇಜುಗಳ ಶರೀರಕ್ರಿಯಾ ವಿಭಾಗಗಳು ಆ ಕಾರ್ಯವನ್ನು ಕೈಗೊಳ್ಳಬೇಕೆಂದು ಕೋರುತ್ತೇನೆ.